ಹೊತ್ತಿಗೆ ಮುಂಚಿನ ಸಾವು

ಸಾವಿನ ಮನೆಗೆ ಹೋದಾಗ ಆಡಲು ನಮ್ಮ ಬಳಿ ಇರುವ ಮಾತುಗಳು ಕೆಲವೇ. ಅವನ ಆಯಸ್ಸು ಅಷ್ಟೇ ಇತ್ತು. ಋಣ ತೀರಿತು. ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲು ಯಾರಿಂದಾದೀತು. ಅಲ್ಲಾಹನ ಮರ್ಜಿ. ಮನೆ ಯಾವ ಧರ್ಮದವರದಾದರೂ ಮಾತಿನ ಹುರುಳು ಒಂದೇ. ಭದ್ರಾವತಿಯ ಕಾರ್ಮಿಕರ ಕ್ವಾರ್ಟರ್ಸುಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳಂ ಆಡುವವರು ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕಿದವರು. ಅಲ್ಲಿ ಒಂದೇ ಸಾವಿಗೆ ಐದು ಭಾಷೆಗಳಲ್ಲಿ ಇದೇ ಸಮಾಧಾನವನ್ನು ಕೇಳಬಹುದು. ಈ ಮಾತುಗಳನ್ನು ನಾವು ಹಳಿಯಲಾರೆವು. ಮಗನನ್ನು ಕಳೆದುಕೊಂಡ ತಾಯಿಯ ಎದುರು ಕುಳಿತು, ಇನ್ನೊಂದು ಗಂಟೆ ಮೊದಲು ಆಸ್ಪತ್ರೆಗೆ ಒಯ್ದಿದ್ದರೆ ಉಳಿಯುತ್ತಿದ್ದ ಎಂದು ಲೆಕ್ಕ ಹೇಳುವವನನ್ನು ಯಾರೂ ವಿಚಾರವಾದಿ ಎನ್ನುವುದಿಲ್ಲ, ಕಲ್ಲೆದೆಯವನು ಎನ್ನುತ್ತಾರೆ.

ತೊಂದರೆ ಶುರುವಾಗುವುದು ಈ ಮಾತು ಸಾವಿನ ಮನೆಯ ಹೊಸ್ತಿಲು ದಾಟಿ ಬೇರೆ ಕಡೆ ಹೋದಾಗ. ಪಾಲಿಕೆಯ ಸಭೆಯಲ್ಲಿ, ಕಾರ್ಖಾನೆಯ ಆಡಳಿತ ಕಚೇರಿಯಲ್ಲಿ, ಗುತ್ತಿಗೆದಾರನ ಬಾಯಲ್ಲಿ ಅದೇ ಮಾತು ಕೇಳಿಸುತ್ತದೆ. ಅಲ್ಲಿ ಅದು ಸಮಾಧಾನವಾಗಿ ಉಳಿದಿರುವುದಿಲ್ಲ, ನುಣುಚಿಕೊಳ್ಳುವ ದಾರಿಯಾಗಿರುತ್ತದೆ. ಒಂದೇ ವಾಕ್ಯ ಒಂದೆಡೆ ಕರುಣೆಯೂ ಇನ್ನೊಂದೆಡೆ ಮೋಸವೂ ಆಗುವುದು ಹೇಗೆ? ಶಿವಮೊಗ್ಗ ಮತ್ತು ಭದ್ರಾವತಿ ಎಂಬ ಎರಡು ಊರುಗಳನ್ನೂ ಅವುಗಳ ಬೆನ್ನಿಗಿರುವ ಕಾಡನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಬಿಡಿಸಿ ನೋಡಬೇಕೆನಿಸುತ್ತದೆ.

2021ರ ಜನವರಿ 21ರ ರಾತ್ರಿ ಹತ್ತೂವರೆಯ ಸುಮಾರಿಗೆ ಶಿವಮೊಗ್ಗದ ಮನೆಗಳ ಕಿಟಕಿ ಬಾಗಿಲು ನಡುಗಿದವು. ಭದ್ರಾವತಿಯಲ್ಲೂ, ಚಿಕ್ಕಮಗಳೂರು ಜಿಲ್ಲೆಯ ಊರುಗಳಲ್ಲೂ ಜನ ಬೀದಿಗೆ ಬಂದು ನಿಂತರು. ಎಲ್ಲರ ಬಾಯಲ್ಲೂ ಭೂಕಂಪದ ಮಾತು. ಆಮೇಲೆ ಗೊತ್ತಾದದ್ದು ಬೇರೆ. ನಗರದ ಹೊರವಲಯದ ಹುಣಸೋಡಿನ ಕಲ್ಲುಕ್ವಾರಿಯ ಬಳಿ ಸ್ಫೋಟಕ ತುಂಬಿದ್ದ ವಾಹನ ಸಿಡಿದಿತ್ತು. ಸತ್ತವರು ಬಿಹಾರದ ಕೂಲಿಗಳು ಎಂದು ಮೊದಲು ಸುದ್ದಿಯಾಯಿತು. ಗುರುತು ಹಿಡಿಯುತ್ತ ಹೋದಂತೆ ಸತ್ತವರಲ್ಲಿ ಭದ್ರಾವತಿಯ ಕಡೆಯ ತರುಣರೂ ಇದ್ದರು. ಭೂಕಂಪವಾಗಿದ್ದರೆ ಯಾರನ್ನೂ ಏನನ್ನೂ ಕೇಳುವಂತಿರಲಿಲ್ಲ. ಜಿಲೆಟಿನ್ ಎಂದ ಕೂಡಲೇ ಕೇಳಬೇಕಾದ ಪ್ರಶ್ನೆಗಳು ಸಾಲುಗಟ್ಟಿದವು. ಪರವಾನಗಿ ಯಾರದು, ಸಾಗಣೆ ಯಾರದು, ಕಣ್ಣು ಮುಚ್ಚಿಕೊಂಡವರು ಯಾರು, ಊರ ಪಕ್ಕದ ಗುಡ್ಡವನ್ನು ಒಡೆದು ಮಾರುವ ವ್ಯಾಪಾರದಲ್ಲಿ ಲಾಭ ಯಾರಿಗೆ, ಅಪಾಯ ಯಾರಿಗೆ. ನಡುಗಿದ ನೆಲ ಅದೇ. ಕಾರಣದ ಹೆಸರು ಬದಲಾಗುತ್ತಿದ್ದಂತೆ ನಮ್ಮ ಹೊಣೆಯೂ ಬದಲಾಯಿತು.

ಹುಣಸೋಡಿನಲ್ಲಿ ಕಾರಣ ಹುಡುಕುವುದು ಸುಲಭವಿತ್ತು, ಅದರ ಸದ್ದು ಅಷ್ಟು ದೊಡ್ಡದು. ಹೆಚ್ಚಿನ ಸಾವುಗಳಿಗೆ ಸದ್ದಿಲ್ಲ. ಸದ್ದಿಲ್ಲದ ಸಾವುಗಳ ಕಾರಣ ಹುಡುಕುವ ಶಾಸ್ತ್ರಕ್ಕೆ ಎಪಿಡೆಮಿಯಾಲಜಿ ಎಂದು ಹೆಸರು. ಕನ್ನಡದಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರ ಎನ್ನುವುದು ರೂಢಿ. ಈ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ, ಏಕೆಂದರೆ ಅಂಟುವ ರೋಗದಷ್ಟೇ ಅಂಟದ ರೋಗವೂ, ಹಾವಿನ ಕಡಿತವೂ, ರಸ್ತೆಯ ಅಪಘಾತವೂ ಅದರ ವ್ಯಾಪ್ತಿಗೆ ಸೇರಿದ್ದು. ಅದು ಕೇಳುವ ಮೊದಲ ಪ್ರಶ್ನೆಗಳು ತೀರಾ ಸರಳ: ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು? ಈ ಮೂರಕ್ಕೂ ಪ್ರಾಮಾಣಿಕವಾದ ಉತ್ತರ ಸಿಕ್ಕರೆ ಯಾಕೆ ಬಂತು ಎಂಬುದರ ಅರ್ಧ ದಾರಿ ಸವೆದಂತೆ.

ಈ ಶಾಸ್ತ್ರದ ಒಂದು ಶ್ರೇಷ್ಠ ಪಾಠಕ್ಕೆ ನಾವು ದೂರ ಹೋಗಬೇಕಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು, ಮೈಕೈ ನುಜ್ಜುಗುಜ್ಜಾದಂತೆ ನರಳಿ, ಕೆಲವರು ಮೂಗು ಬಾಯಲ್ಲಿ ರಕ್ತ ಕಾರಿ ಸತ್ತರು. ಪೂನಾದ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಓಡಿ ಬಂದರು. ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುತ್ತಿದ್ದುದರಿಂದ ಅವರಿಗೆ ಮೊದಲು ಹಳದಿ ಜ್ವರದ ಭಯವಿತ್ತು. ಆಫ್ರಿಕ, ದಕ್ಷಿಣ ಅಮೆರಿಕಗಳ ಆ ಕಾಯಿಲೆ ಏಷ್ಯಾಕ್ಕೆ ಕಾಲಿಟ್ಟದ್ದೇ ಇರಲಿಲ್ಲ. ಪರೀಕ್ಷಿಸಿ ನೋಡಿದರೆ ಅದು ಹೊಸ ವೈರಸ್ಸು. ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಇಲ್ಲಿಯೂ ಹರಡುವುದು ಉಣುಗೇ. ಒಂದು ಸಣ್ಣ ಮಲೆನಾಡ ಊರಿನ ಹೆಸರು ಹೀಗೆ ಜಗತ್ತಿನ ವೈದ್ಯಕೀಯ ಗ್ರಂಥಗಳನ್ನು ಸೇರಿತು. ನಾವು ಅದನ್ನು ಮಂಗನ ಕಾಯಿಲೆ ಎಂದೆವು. ಪಾಪ, ಮಂಗವೂ ನಮ್ಮ ಹಾಗೆಯೇ ಸಾಯುವ ಜೀವಿ.

ಸರಿ, ಕಾರಣ ಗೊತ್ತಾಯಿತು: ವೈರಸ್ಸು. ಆದರೆ ಯಾರಿಗೆ, ಎಲ್ಲಿ, ಯಾವಾಗ ಎಂದು ಕೇಳುತ್ತ ಹೋದರೆ ಕಾರಣ ಅಷ್ಟಕ್ಕೇ ನಿಲ್ಲುವುದಿಲ್ಲ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಕಾಯಿಲೆ ಬೀಳುವವರು ಸೌದೆಗೆ, ಸೊಪ್ಪಿಗೆ, ತರಗೆಲೆಗೆ, ದನ ಮೇಯಿಸಲು ಕಾಡಿಗೆ ಹೋಗುವವರು. 1969ರಲ್ಲಿ ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ ಇದನ್ನೇ ಹಿಡಿದು ಯೋಚಿಸಿದರು. ಕಾಡು ಕಡಿದು ಗದ್ದೆ ತೋಟ ಮಾಡಿದಂತೆ ದನಗಳು ಕಾಡಿನ ಅಂಚಿಗೆ ನುಗ್ಗುತ್ತವೆ. ದನದ ರಕ್ತ ಕುಡಿದು ಉಣುಗು ನೂರ್ಮಡಿಯಾಗುತ್ತದೆ. ಕಾಡಿನೊಳಗೆ ಸುಮ್ಮನಿದ್ದ ವೈರಸ್ಸಿಗೆ ಮನುಷ್ಯನ ತನಕ ದಾರಿ ಸಿಗುತ್ತದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನ ನಿಡ್ಲೆಯಲ್ಲಿ ಕಾಡು ಕಡಿದ ಮೇಲೆ ಕಾಯಿಲೆ ಸ್ಫೋಟಿಸಿದಾಗ ಅಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದೇ ಕರೆದು 1987ರಲ್ಲಿ ಬರೆದರು. ಊರಿನವರ ವಿವರಣೆಯನ್ನೂ ಅವರು ದಾಖಲಿಸಿದರು. ಕಾಡು ಕಡಿದದ್ದಕ್ಕೆ ಭೂತ ಮುನಿದಿದೆ ಎಂಬುದು ಆ ವಿವರಣೆ. ಓದಿದವರು ನಗಬಹುದು, ನಮಗೆ ನಗು ಬರುವುದಿಲ್ಲ. ಊರಿನವರ ಭೂತವೂ ಬೋಶೆಲ್‌ರ ಉಣುಗೂ ಬೆರಳು ತೋರಿಸುತ್ತಿದ್ದುದು ಒಂದೇ ಕಡೆಗೆ, ಕಡಿದ ಕಾಡಿನ ಕಡೆಗೆ. ವೈರಸ್ಸು ಎಂಬ ಒಂದೇ ಪದದಲ್ಲಿ ಕಾರಣ ಮುಗಿಸುವ ಅಧಿಕಾರಿಗಿಂತ ಆ ರೈತ ಸತ್ಯಕ್ಕೆ ಹತ್ತಿರವಿದ್ದ.

ಶಿವಮೊಗ್ಗದಲ್ಲಿ ಈ ಕಾಯಿಲೆಗಾಗಿಯೇ ವೈರಸ್ ಪತ್ತೆ ಪ್ರಯೋಗಾಲಯ ಬಂತು. ಬೆಂಗಳೂರಿನಲ್ಲಿ ಲಸಿಕೆ ತಯಾರಾಯಿತು. ಅದರ ಪರಿಣಾಮವನ್ನು ಅಳೆದಾಗ ಎರಡು ಸಲ ಹಾಕಿಸಿಕೊಂಡವರಿಗೆ ಶೇ. 62ರಷ್ಟು, ಮತ್ತೊಂದು ಬೂಸ್ಟರ್ ಪಡೆದವರಿಗೆ ಶೇ. 83ರಷ್ಟು ರಕ್ಷಣೆ ಕಂಡುಬಂತು. ನೋವಿನ ಸೂಜಿ ಅದು, ಕೂಲಿ ಬಿಟ್ಟು ಮತ್ತೆ ಮತ್ತೆ ಹೋಗಿ ಹಾಕಿಸಿಕೊಳ್ಳಬೇಕಿತ್ತು. 2019ರ ಬೇಸಿಗೆಯಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಸಾವಿನ ಮೇಲೆ ಸಾವು ಬಿತ್ತು. ಪರಿಣಾಮ ಸಾಲದೆಂದು 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು, ಹೊಸದಕ್ಕಾಗಿ ಕೆಲಸ ನಡೆಯಿತು. ವೈರಸ್ಸನ್ನು ಕಂಡುಹಿಡಿದು 60 ವರ್ಷ ದಾಟಿದ ಮೇಲೂ ಪರಿಸ್ಥಿತಿ ಇದು. ನಗರಗಳ ಶ್ರೀಮಂತರಿಗೆ ಬರುವ ಕಾಯಿಲೆಯಾಗಿದ್ದರೆ ಇಷ್ಟು ತಡವಾಗುತ್ತಿತ್ತೇ? ಹಳ್ಳಿಯವರು ಕೇಳಿದ ಪ್ರಶ್ನೆ ಇದು. ಇದಕ್ಕೆ ಉತ್ತರ ಕೊಡಬೇಕಾದವರು ಯಾರೂ ಹಣೆಬರಹ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಡೆದುಕೊಂಡದ್ದು ಮಾತ್ರ ಹಾಗೆಯೇ.

ಮಲೆನಾಡಿಗೆ ಇಂಥದ್ದು ಹೊಸದಲ್ಲ. ಇಪ್ಪತ್ತನೇ ಶತಮಾನದ ಆರಂಭದ ಜನಗಣತಿಗಳಲ್ಲಿ ಮೈಸೂರು ಸಂಸ್ಥಾನದ ಮಲೆನಾಡ ತಾಲೂಕುಗಳ ಜನಸಂಖ್ಯೆ ಏರುವ ಬದಲು ಇಳಿಯುತ್ತಿತ್ತು. ಮಲೇರಿಯಾ ಜನರನ್ನು ತಿನ್ನುತ್ತಿತ್ತು. ಮಲೆನಾಡಿನ ನೀರೇ ಹಾಗೆ ಎಂದು ಬಯಲುಸೀಮೆಯವರು ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ಅದು ನೀರಿನ ಗುಣ ಎಂದು ಒಪ್ಪಿಕೊಂಡು ಕೂತಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಗಣತಿಯ ಅಂಕಿ ಎದುರಿಗೆ ಬಂತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1914ರಲ್ಲಿ, ಮಲೆನಾಡು ಸುಧಾರಣೆಯ ಯೋಜನೆ ಶುರುವಾಯಿತು. ಸ್ವಾತಂತ್ರ್ಯದ ಬಳಿಕ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು ಮನೆಮನೆಯ ಗೋಡೆಗೆ ಡಿಡಿಟಿ ಬಿತ್ತು. ನೀರು ಅದೇ ಇತ್ತು, ಸೊಳ್ಳೆ ಕಡಿಮೆಯಾಯಿತು, ಜನ ಬದುಕಿದರು. ಹಣೆಬರಹ ಎಂದು ನಂಬಿದ್ದು ಎಣಿಕೆಯ ಎದುರು ಹೇಗೆ ಕರಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಸೀಮೆಯಲ್ಲಿ ಇರಲಾರದು.

ಇದೇ ದಿವಾನರ ಕನಸಿನ ಫಲವಾಗಿ ಬೆಂಕಿಪುರ ಎಂಬ ಹಳ್ಳಿ ಭದ್ರಾವತಿಯಾಯಿತು. 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ 1923ರ ಜನವರಿಯಲ್ಲಿ ಮೊದಲ ಕಬ್ಬಿಣ ಹೊರಬಂತು. ಆ ಕುಲುಮೆ ಉರಿದದ್ದು ಮಲೆನಾಡ ಮರದ ಇದ್ದಿಲಿನಿಂದ. 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಈ ಎರಡು ಕಾರ್ಖಾನೆಗಳು ಸಾವಿರಾರು ಮನೆಗಳಿಗೆ ಅನ್ನ, ಶಾಲೆ, ಆಸ್ಪತ್ರೆ, ಮಾನ ಕೊಟ್ಟವು. ಭದ್ರೆಗೆ ಕೊಳೆ ನೀರನ್ನೂ ಕೊಟ್ಟವು. ಎರಕದ ಮನೆಗಳ ಮರಳಿನ ದೂಳು ಶ್ವಾಸಕೋಶದಲ್ಲಿ ಕುಳಿತರೆ ಬರುವ ಸಿಲಿಕೋಸಿಸ್ 1948ರ ಫ್ಯಾಕ್ಟರಿ ಕಾಯಿದೆಯ ಪ್ರಕಾರ ಸರ್ಕಾರಕ್ಕೆ ವರದಿ ಮಾಡಲೇಬೇಕಾಗಿದ್ದ ಕಾಯಿಲೆ. ದೇಶದ ಉದ್ದಗಲಕ್ಕೂ ಅದನ್ನು ಕ್ಷಯವೆಂದೋ ದಮ್ಮೆಂದೋ ಬರೆದು ಮುಗಿಸುವುದು ಹೆಚ್ಚು. ಕ್ಷಯವೆಂದರೆ ರೋಗಿಯ ದುರದೃಷ್ಟ. ಸಿಲಿಕೋಸಿಸ್ ಎಂದರೆ ಮಾಲೀಕನ ಪರಿಹಾರ. ಚೀಟಿಯ ಮೇಲೆ ಬರೆಯುವ ಒಂದು ಪದದ ಬೆಲೆ ಇಷ್ಟು.

2015ರ ಹೊತ್ತಿಗೆ ಕಾಗದದ ಯಂತ್ರಗಳು ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಕೆಲಸ ಕಳೆದುಕೊಂಡವನಿಗೆ ಮೊದಲು ನಿಲ್ಲುವುದು ಸಂಬಳ. ಆಮೇಲೆ ಬಿಪಿಯ ಮಾತ್ರೆ ತಿಂಗಳಿಗೊಮ್ಮೆಯ ಬದಲು ಕೈಯಲ್ಲಿ ಕಾಸಿದ್ದಾಗ ಬರುತ್ತದೆ. ಸಂಜೆಯ ಕುಡಿತ ಮಧ್ಯಾಹ್ನಕ್ಕೆ ಸರಿಯುತ್ತದೆ. ಐವತ್ತೈದಕ್ಕೆ ಎದೆ ಹಿಡಿದುಕೊಂಡು ಕುಸಿದರೆ ಹಾರ್ಟ್ ಅಟ್ಯಾಕ್ ಎನ್ನುತ್ತೇವೆ, ಅದು ಸುಳ್ಳೂ ಅಲ್ಲ. ಅಮೆರಿಕದಲ್ಲಿ ಇಂಥ ಕಾರ್ಖಾನೆ ಮುಚ್ಚಿದ ಊರುಗಳ ನಡುವಯಸ್ಸಿನ ಸಾವುಗಳನ್ನು ಅಧ್ಯಯನ ಮಾಡಿದ ಆ್ಯನ್ ಕೇಸ್ ಮತ್ತು ಆಂಗಸ್ ಡೀಟನ್ ಎಂಬ ಅರ್ಥಶಾಸ್ತ್ರಜ್ಞರು ಅವಕ್ಕೆ ಹತಾಶೆಯ ಸಾವುಗಳೆಂದು ಹೆಸರಿಟ್ಟರು. ಇಸಿಜಿಯಲ್ಲಿ ಹತಾಶೆ ಕಾಣಿಸುವುದಿಲ್ಲ.

ಇಲ್ಲಿ ಒಂದು ಮಾತು ಕೇಳಬಹುದು. ಐವತ್ತೈದು ಅಂದರೆ ಸಣ್ಣ ವಯಸ್ಸೇ? ನಮ್ಮ ಅಜ್ಜಂದಿರ ಕಾಲಕ್ಕೆ ಅದು ಮುಪ್ಪು. ಆರೋಗ್ಯ ಶಾಸ್ತ್ರದವರು ಸಾಮಾನ್ಯವಾಗಿ ಎಪ್ಪತ್ತಕ್ಕೆ ಗೆರೆ ಎಳೆಯುತ್ತಾರೆ. ಮೂವತ್ತು ತಲುಪಿದ ಭಾರತೀಯರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಎಪ್ಪತ್ತು ಕಾಣುವ ಮೊದಲೇ ಹೃದಯದ ಕಾಯಿಲೆ, ಕ್ಯಾನ್ಸರ್, ಸಕ್ಕರೆ ಕಾಯಿಲೆ, ಉಸಿರಾಟದ ಕಾಯಿಲೆ ಈ ನಾಲ್ಕರಲ್ಲೊಂದಕ್ಕೆ ಬಲಿಯಾಗುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎಪ್ಪತ್ತು ಎಂಬುದು ಆಕಾಶದಿಂದ ಇಳಿದ ಗೆರೆಯಲ್ಲ, ಮನುಷ್ಯರು ಎಳೆದದ್ದು. ಆದರೆ ಅದರಲ್ಲೊಂದು ನ್ಯಾಯವಿದೆ. ಡಾಕ್ಟರ ಮಗನಿಗೂ ಪೌರಕಾರ್ಮಿಕನ ಮಗನಿಗೂ ಅದು ಒಂದೇ ಗೆರೆ. ನಾವು ಬಾಯಿಮಾತಿನಲ್ಲಿ ಎಳೆಯುವ ಗೆರೆ ಹಾಗಲ್ಲ. ವಕೀಲರೊಬ್ಬರು ಅರವತ್ತರಲ್ಲಿ ತೀರಿಕೊಂಡರೆ ಛೇ, ಇನ್ನೂ ಏನು ವಯಸ್ಸು ಎನ್ನುತ್ತೇವೆ. ಹಮಾಲಿಯೊಬ್ಬ ಐವತ್ತರಲ್ಲಿ ಸತ್ತರೆ, ದುಡಿದು ದುಡಿದು ಸವೆದಿದ್ದ ಬಿಡಿ ಎನ್ನುತ್ತೇವೆ. ಯಾರ ಸಾವು ಅಕಾಲದ್ದು ಎಂದು ನಮಗೆ ಅನಿಸುತ್ತದೆ ಎಂಬುದರಲ್ಲೇ ನಾವು ಯಾರನ್ನು ಎಷ್ಟಕ್ಕೆ ಬೆಲೆ ಕಟ್ಟಿದ್ದೇವೆ ಎಂಬುದು ಗೊತ್ತಾಗುತ್ತದೆ.

ಶಿವಮೊಗ್ಗದವರಿಗೆ ಇದನ್ನು ಇನ್ನೊಂದು ದಿಕ್ಕಿನಿಂದಲೂ ಹೇಳಬೇಕು. ನಿಷೇಧಾಜ್ಞೆ ಎಂದರೆ ಏನೆಂದು ಈ ಊರಿನ ಮಕ್ಕಳಿಗೂ ಗೊತ್ತು. 2022ರ ಫೆಬ್ರವರಿಯಲ್ಲಿ ಒಬ್ಬ ತರುಣನ ಕೊಲೆಯಾದಾಗ ನಗರ ತತ್ತರಿಸಿತು, ಅಂಗಡಿಗಳು ಸುಟ್ಟವು, ದಿನಗಟ್ಟಲೆ ಬೀದಿಗಳು ಖಾಲಿ ಬಿದ್ದವು. ಆ ಸಾವಿಗೆ ಊರು ನಡುಗಿದ್ದು ಸರಿಯೇ, ಕೊಲೆ ಯಾರದಾದರೂ ಕೊಲೆಯೇ. ನಮ್ಮ ತಕರಾರು ಬೇರೆ. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯ ಮೇಲೆ ಸತ್ತವರು 1,68,000ಕ್ಕೂ ಹೆಚ್ಚು. ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸತ್ತ ಇಪ್ಪತ್ತರ ಹುಡುಗನಿಗಾಗಿ ಯಾವ ಸಂಘಟನೆಯೂ ಬಂದ್ ಕರೆಯುವುದಿಲ್ಲ. ಕೊಂದವನಿಗೆ ಧರ್ಮವಿದ್ದರೆ ಮಾತ್ರ ನಮಗೆ ಸಿಟ್ಟು ಬರುತ್ತದೆಯೇ? ಬೆಳಕಿಲ್ಲದ ತಿರುವು ಕೊಂದರೆ, ಹೆಲ್ಮೆಟ್ ಇಲ್ಲದ ರೂಢಿ ಕೊಂದರೆ ವಿಧಿ ಎನ್ನುತ್ತೇವೆ. 2020ರ ವಸಂತದಲ್ಲಿ ಇದರ ತಿರುಗುಮುರುಗನ್ನೂ ಕಂಡೆವು. ಕೋವಿಡ್ ಹೇಗೆ ಹರಡುತ್ತದೆ ಎಂದು ಕೇಳಬೇಕಾದ ಹೊತ್ತಿನಲ್ಲಿ ಯಾರು ಹರಡಿದರು ಎಂದು ಕೇಳಲಾಯಿತು. ವೈರಸ್ಸಿಗೊಂದು ಧರ್ಮ ಕೊಡಲಾಯಿತು, ತರಕಾರಿ ಗಾಡಿಯವನ ಹೆಸರು ವಿಚಾರಿಸಲಾಯಿತು. ಮರುವರ್ಷ ಎರಡನೇ ಅಲೆಯಲ್ಲಿ ಬಂಧುಗಳೇ ಮುಟ್ಟದ ಹೆಣಗಳಿಗೆ ರಾಜ್ಯದ ಅನೇಕ ಊರುಗಳಲ್ಲಿ ಹೆಗಲು ಕೊಟ್ಟವರಲ್ಲಿ ಅದೇ ಸಮುದಾಯದ ಹುಡುಗರಿದ್ದರು. ಯಾರು ಎಂಬ ಪ್ರಶ್ನೆಯಿಂದ ಒಂದು ಜೀವವೂ ಉಳಿಯಲಿಲ್ಲ.

ತಪ್ಪನ್ನು ಸತ್ತವನ ಮೇಲೇ ಹೊರಿಸುವುದು ಇನ್ನೊಂದು ಚಾಳಿ. ಬಡವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ತಡವಾಗಿ ಬರುತ್ತಾರೆ ಎಂದು ಓದಿದವರು ಹೇಳುವುದನ್ನು ನಾವು ಎಷ್ಟು ಸಲ ಕೇಳಿಲ್ಲ! ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದ ಹೊಸತರಲ್ಲಿ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯದ ರೋಗಿಗಳನ್ನೇ ಕೇಳಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೆಮ್ಮಿನ ಬಗ್ಗೆ ಚಿಂತಿಸಿ ಈಗಾಗಲೇ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು. ಅಲ್ಲಿ ಅವರ ಕಫ ಪರೀಕ್ಷಿಸದೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು. ಅಜ್ಞಾನ ಇದ್ದದ್ದು ಯಾವ ಕಡೆ?

ಇನ್ನೂ ಕಷ್ಟದ ಪ್ರಶ್ನೆ ಬೀಡಿಯದು. ಶಿವಮೊಗ್ಗ, ಭದ್ರಾವತಿಗಳ ಎಷ್ಟೋ ಓಣಿಗಳಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳ ಫೀಸು ಕಟ್ಟಿದ ತಾಯಂದಿರಿದ್ದಾರೆ. ಗಂಡನ ಹಂಗಿಲ್ಲದೆ, ಮನೆಯ ಹೊಸ್ತಿಲು ದಾಟದೆ ನಾಲ್ಕು ಕಾಸು ಕಂಡ ದುಡಿಮೆ ಅದು. ಅವರ ಉಸಿರಿಗೆ ಹೊಗೆಸೊಪ್ಪಿನ ದೂಳು, ಸೊಂಟಕ್ಕೆ ನೋವು. ಅವರು ಕಟ್ಟಿದ್ದು ಸೇರುವುದು ಇನ್ನೊಬ್ಬ ಬಡವನ ಎದೆಗೆ. 2008ರಲ್ಲಿ ಪ್ರಭಾತ್ ಝಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸು ಸರಾಸರಿ 6 ವರ್ಷ, ಬೀಡಿ ಸೇದುವ ಹೆಂಗಸು 8 ವರ್ಷ, ಸಿಗರೇಟು ಸೇದುವ ಗಂಡಸು 10 ವರ್ಷ ಆಯಸ್ಸು ಕಳೆದುಕೊಳ್ಳುತ್ತಾರೆ. ಆಯಸ್ಸನ್ನು ಹೀಗೆ ವರ್ಷದ ಲೆಕ್ಕದಲ್ಲಿ ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಬೀಡಿ ನಿಲ್ಲಿಸಿ ಎನ್ನುವುದು ಸುಲಭ. ನಿಲ್ಲಿಸಿದ ಮರುದಿನ ಆ ಮೊರದ ಜಾಗದಲ್ಲಿ ಏನು ಇಡುತ್ತೀರಿ ಎಂಬುದಕ್ಕೆ ಉತ್ತರವಿಲ್ಲದೆ ಹಾಗೆನ್ನುವುದು ತುಂಬಿದ ಹೊಟ್ಟೆಯವರ ನೀತಿ. ಹಾಗೆಂದು, ಹೊಟ್ಟೆಪಾಡು ಎಂದು ಸುಮ್ಮನಾಗುವುದೂ ಒಬ್ಬ ಬಡವನನ್ನು ಉಳಿಸಲು ಇನ್ನೊಬ್ಬ ಬಡವನನ್ನು ಕೊಡುವುದೇ. ಈ ಗಂಟನ್ನು ಬಿಚ್ಚಬೇಕಾದದ್ದು ಆ ತಾಯಿಯಲ್ಲ. ಬೇರೆ ಕೆಲಸ ಕಲಿಸುವ, ಕೊಡುವ ಶಕ್ತಿಯಿದ್ದೂ ಬೀಡಿಯ ಮೇಲಿನ ತೆರಿಗೆಯನ್ನೂ ಬೀಡಿಯವರ ಓಟನ್ನೂ ಮಾತ್ರ ನೋಡಿದ ಸರ್ಕಾರಗಳು ಬಿಚ್ಚಬೇಕು. ತಮ್ಮದೇ ಓಣಿಯಲ್ಲಿ ಹೊಲಿಗೆ ಯಂತ್ರಕ್ಕಿಂತ ಮುಂದೆ ಯೋಚಿಸದ ನಮ್ಮ ಸಂಘ ಸಂಸ್ಥೆಗಳೂ ಇದಕ್ಕೆ ಕೈ ಹಾಕಬೇಕು.

ಈ ಬೀಡಿಯ ಲೆಕ್ಕ ಸಿಕ್ಕಿದ್ದು ಹೇಗೆ ಎಂಬುದೂ ಹೇಳತಕ್ಕ ಸಂಗತಿ. ನಮ್ಮಲ್ಲಿ ಹೆಚ್ಚಿನವರು ಸಾಯುವುದು ಮನೆಯಲ್ಲಿ, ಕಾರಣದ ಚೀಟಿಯಿಲ್ಲದೆ. 2020ರಲ್ಲಿ ದೇಶದಲ್ಲಿ ನೋಂದಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ನಾಲ್ಕರಲ್ಲಿ ಒಂದಕ್ಕೂ ಕಡಿಮೆ. ಪಿಂಚಣಿಗೆ, ವಿಮೆಗೆ, ಪಹಣಿ ಬದಲಾವಣೆಗೆ ಬೇಕೆಂದು ಮರಣ ಪತ್ರ ಮಾಡಿಸುತ್ತಾರೆ. ಹೆಸರಿನಲ್ಲಿ ಗುಂಟೆ ಜಮೀನಿಲ್ಲದ ಹೆಂಗಸು, ಎರಡು ದಿನದ ಕೂಸು ಸತ್ತರೆ ಎಷ್ಟೋ ಸಲ ಅದೂ ಇಲ್ಲ. ಆದ್ದರಿಂದ ಭಾರತದ ರಿಜಿಸ್ಟ್ರಾರ್ ಜನರಲ್ ಅವರ ಕಚೇರಿಯೊಂದಿಗೆ ಸೇರಿ ಝಾ ಅವರ ತಂಡ ಮನೆಮನೆಗೆ ಜನರನ್ನು ಕಳಿಸಿ, ಸತ್ತವರ ಕಡೆಯ ದಿನಗಳು ಹೇಗಿದ್ದವು ಎಂದು ಮನೆಯವರನ್ನು ಕೇಳಿಸಿ ಬರೆಸಿಕೊಂಡಿತು. ಹತ್ತು ಲಕ್ಷ ಸಾವುಗಳ ಅಧ್ಯಯನ ಎಂದು ಅದಕ್ಕೆ ಹೆಸರು. ಅದರಿಂದಲೇ 2005ರಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 46,000 ಎಂದು ತಿಳಿಯಿತು. ಆಸ್ಪತ್ರೆಗಳ ಸರ್ಕಾರಿ ಲೆಕ್ಕದಲ್ಲಿ ಇದ್ದುದು ಅದರ ತೀರಾ ಸಣ್ಣ ಪಾಲು. ಉಳಿದವರು ಗದ್ದೆ ಬದುವಿನಲ್ಲಿ, ತೋಟದಲ್ಲಿ, ಮಂತ್ರ ಹಾಕಿಸಲು ಹೊರಟ ದಾರಿಯಲ್ಲಿ ಸತ್ತು ಲೆಕ್ಕದಿಂದಲೇ ಜಾರಿಹೋಗಿದ್ದರು. ಎಣಿಸದ ಹಾವಿಗೆ ಔಷಧಿಯನ್ನು ಯಾವ ಆರೋಗ್ಯ ಕೇಂದ್ರವೂ ದಾಸ್ತಾನು ಇಡುವುದಿಲ್ಲ. ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದ್ದು 2024ರಲ್ಲಿ.

ಲೆಕ್ಕದ ಮಾತು ಬಂದಾಗ ಕೆಲವು ಧರ್ಮಶ್ರದ್ಧೆಯುಳ್ಳ ಗೆಳೆಯರು ಮುಖ ಸಣ್ಣದು ಮಾಡುತ್ತಾರೆ. ಆಯಸ್ಸನ್ನು ಬರೆದವನು ಇರುವಾಗ ಎಣಿಸಲು ನಾವು ಯಾರು ಎಂಬುದು ಅವರ ಸಂಶಯ. ಈ ಸಂಶಯ ಹಳೆಯದು, ಅದಕ್ಕೆ ಉತ್ತರವೂ ಹಳೆಯದೇ. ಹಿಜರಿ 18ರ ಸುಮಾರಿಗೆ ಖಲೀಫ ಉಮರ್ ಸಿರಿಯಾದ ಕಡೆ ಹೊರಟಿದ್ದಾಗ ಅಲ್ಲಿ ಪ್ಲೇಗು ಹಬ್ಬಿದ ಸುದ್ದಿ ಬಂತು. ಜೊತೆಯವರೊಡನೆ ಚರ್ಚಿಸಿ ಅವರು ಹಿಂದಿರುಗಲು ನಿಶ್ಚಯಿಸಿದರು. ಸೇನಾನಿ ಅಬೂ ಉಬೈದ ಅವರಿಗೆ ಇದು ಸರಿಬರಲಿಲ್ಲ, ದೇವರ ವಿಧಿಯಿಂದ ಓಡುವುದೇ ಎಂದು ಕೇಳಿದರು. ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬುದು ಉಮರ್ ಕೊಟ್ಟ ಉತ್ತರದ ಸಾರ. ಹಸಿರು ಇಳಿಜಾರು ಮತ್ತು ಬೋಳು ಇಳಿಜಾರು ಎರಡೂ ಎದುರಿಗಿದ್ದರೆ ಒಂಟೆಯನ್ನು ನೀವು ಎಲ್ಲಿ ಮೇಯಿಸುತ್ತೀರಿ ಎಂದು ಅವರು ಮರುಪ್ರಶ್ನೆ ಹಾಕಿದರಂತೆ. ಅಬೂ ಉಬೈದ ತಮ್ಮ ಸೈನಿಕರೊಡನೆ ಉಳಿದು ಅದೇ ಪ್ಲೇಗಿಗೆ ಬಲಿಯಾದರು. ನಮ್ಮ ಪರಂಪರೆ ಇಬ್ಬರನ್ನೂ ಗೌರವಿಸುತ್ತದೆ. ಆದರೆ ಅವರವರ ಜೀವದ ಬಗ್ಗೆ ತೋರಿಸುವ ನೆಚ್ಚಿಕೆ ಬೇರೆ, ಊರಿನ ಜೀವಗಳ ಹೊಣೆ ಹೊತ್ತವರ ತೀರ್ಮಾನ ಬೇರೆ. ಉಮರ್ ಅಲ್ಲಿ ಮಾತಾಡಿದ್ದು ಎರಡನೆಯವರಾಗಿ.

ಊರಿನ ಹೊಣೆ ಹೊತ್ತವರಿಗೆ ಒಂದು ವಿಚಿತ್ರ ಕಷ್ಟವಿದೆ. ಜೆಫ್ರಿ ರೋಸ್ ಎಂಬ ಇಂಗ್ಲಿಷ್ ವೈದ್ಯರು 1985ರಲ್ಲಿ ಅದನ್ನು ಸ್ಪಷ್ಟವಾಗಿ ಬರೆದರು. ಈ ಮನುಷ್ಯನಿಗೆ ಯಾಕೆ ಬಿಪಿ ಬಂತು ಎಂಬ ಪ್ರಶ್ನೆಯೂ ಈ ಊರಿಗೇ ಯಾಕೆ ಇಷ್ಟು ಬಿಪಿ ಎಂಬ ಪ್ರಶ್ನೆಯೂ ಬೇರೆ ಬೇರೆ. ಮೊದಲನೆಯದಕ್ಕೆ ಮಾತ್ರೆ ಉತ್ತರ. ಎರಡನೆಯದಕ್ಕೆ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ತಿಂಡಿ, ನಡೆಯಲು ಜಾಗವಿಲ್ಲದ ಬೀದಿ ಇವುಗಳನ್ನು ನೋಡಬೇಕು. ಊರಿನವರೆಲ್ಲ ದಿನಕ್ಕೆ ಒಂದು ಚಮಚೆ ಉಪ್ಪು ಕಡಿಮೆ ಮಾಡಿದರೆ ಎಷ್ಟೋ ಜೀವ ಉಳಿಯುತ್ತವೆ, ಆದರೆ ಉಳಿದವರು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ. ಮೆಗ್ಗಾನ್ ಆಸ್ಪತ್ರೆಯಲ್ಲಿ ಸಾಯುವವನನ್ನು ಬದುಕಿಸಿದ ಡಾಕ್ಟರ ಕೈ ಹಿಡಿದು ಮನೆಯವರು ಅಳುತ್ತಾರೆ. ತುಂಗೆಯ ನೀರಿಗೆ ಹೊತ್ತು ಹೊತ್ತಿಗೆ ಕ್ಲೋರಿನ್ ಹಾಕಿದವನ ಹೆಸರು ಯಾರಿಗೂ ಗೊತ್ತಿಲ್ಲ. ಅವನು ಉಳಿಸಿದ ಮಕ್ಕಳ ತಾಯಂದಿರಿಗೆ ತಮ್ಮ ಮಕ್ಕಳು ಉಳಿದದ್ದೇ ಗೊತ್ತಿಲ್ಲ. ಹೀಗಾಗಿ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಮಂತ್ರಿಗಳು ಬರುತ್ತಾರೆ, ಚರಂಡಿಗೆ ಬರುವುದಿಲ್ಲ.

ನಮ್ಮ ಕೈಯಳತೆಯಲ್ಲಿ ಆಗಬಹುದಾದ ಕೆಲಸವೊಂದಿದೆ. ಲಂಡನ್ನಿನಲ್ಲಿ 1662ರಲ್ಲಿ ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿ ಒಂದು ಪುಸ್ತಕ ಬರೆದ. ಅವನು ವೈದ್ಯನಲ್ಲ. ಚರ್ಚುಗಳು ವಾರವಾರವೂ ಪ್ರಕಟಿಸುತ್ತಿದ್ದ ಸಾವಿನ ಪಟ್ಟಿಗಳನ್ನು ಒಟ್ಟು ಹಾಕಿ, ಯಾವ ವಯಸ್ಸಿಗೆ ಎಷ್ಟು ಮಂದಿ, ಯಾವ ಕಾಯಿಲೆಗೆ ಎಷ್ಟು ಮಂದಿ ಎಂದು ಲೆಕ್ಕ ಮಾಡಿದ. ಈ ಶಾಸ್ತ್ರ ಹುಟ್ಟಿದ್ದೇ ಅಲ್ಲಿಂದ. ಆ ಪಟ್ಟಿಗಳಿಗೆ ಕಾರಣ ಹೇಳುತ್ತಿದ್ದವರು ಹೆಣ ನೋಡಲು ಹೋಗುತ್ತಿದ್ದ ಬಡ ಮುದುಕಿಯರು. ಅವರಿಗೆ ಸಿಗುತ್ತಿದ್ದುದು ಚಿಲ್ಲರೆ ಕಾಸು. ನಮ್ಮಲ್ಲಿಯೂ ಮಯ್ಯಿತ್ತಿಗೆ ಗುಸುಲ್ ಮಾಡಿಸುವ ಹೆಂಗಸರಿದ್ದಾರೆ. ಕೊನೆಯ ಸ್ನಾನ ಮಾಡಿಸುವ ಆ ಕೈಗಳಿಗೆ ಊದಿದ ಕಾಲು, ಬತ್ತಿದ ಎದೆ, ಸಕ್ಕರೆ ಕಾಯಿಲೆಗೆ ಕತ್ತರಿಸಿದ ಬೆರಳು ಗೊತ್ತು. ಕೆಲವೊಮ್ಮೆ ಯಾರಿಗೂ ಹೇಳಲಾಗದ ಏಟಿನ ಗುರುತೂ ಗೊತ್ತು. ಜಮಾತಿನ ದಫ್ತರಿನಲ್ಲಿ ಹೆಸರು, ತಾರೀಕು ಇರುತ್ತವೆ. ಚರ್ಚಿನ ಪುಸ್ತಕದಲ್ಲಿ, ಚಿತಾಗಾರದ ರಿಜಿಸ್ಟರಿನಲ್ಲಿ ಸಹ ಅಷ್ಟೇ. ಅದಕ್ಕೆ ವಯಸ್ಸು, ಕೊನೆಯ ಕಾಯಿಲೆ, ಮಾಡುತ್ತಿದ್ದ ಕೆಲಸ, ಓಣಿಯ ಹೆಸರು ಎಂಬ ನಾಲ್ಕು ಕಲಮು ಸೇರಿಸಲು ಖರ್ಚೇನೂ ಇಲ್ಲ. ಐದು ವರ್ಷ ಬರೆದರೆ ಯಾವ ಓಣಿಯಲ್ಲಿ ಜನ ಅರವತ್ತು ದಾಟುತ್ತಿಲ್ಲ ಎಂಬುದು ಪಾಲಿಕೆಗೂ ನಗರಸಭೆಗೂ ಮೊದಲು ನಮಗೆ ಗೊತ್ತಾಗುತ್ತದೆ.

ಇದಕ್ಕೆ ಬರುವ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕ್ಷಯದ ಮನೆ ಎಂದು ಹೆಸರಾದರೆ ಹೆಣ್ಣುಮಕ್ಕಳಿಗೆ ಸಂಬಂಧ ಬರುವುದಿಲ್ಲ. ನೇಣು ಹಾಕಿಕೊಂಡವನ ಮನೆಯವರಿಗೆ ಹೊಟ್ಟೆನೋವು ಎಂದು ಹೇಳುವುದೇ ಉಳಿದ ಮಾನ. ಆದ್ದರಿಂದ ಕಾಯಿಲೆಯ ಕಲಮನ್ನು ಹೆಸರಿನ ಪುಟದಿಂದ ಬೇರೆ ಮಾಡಿ, ಓಣಿ ಮತ್ತು ವಯಸ್ಸಿನ ಪಕ್ಕದಲ್ಲಿ ಮಾತ್ರ ಬರೆಯಬೇಕು, ಹೆಸರಿನ ಪುಟ ಯಾರ ಕೈಗೂ ಹೋಗಬಾರದು. ಬರೆಯುವವರು ಇಬ್ಬರಿರಲಿ, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ, ಏಕೆಂದರೆ ಹೆರಿಗೆಯಲ್ಲಿ ಸತ್ತವಳ ಕೊನೆಯ ರಾತ್ರಿ ಏನಾಯಿತೆಂದು ಗಂಡಸಿನ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಮತ್ತು ಈ ಪ್ರಶ್ನೆ ಕೇಳಲು ನಲವತ್ತು ದಿನ ಕಾಯಬೇಕು. ಮೊದಲ ದಿನಗಳಲ್ಲಿ ಆ ಮನೆಗೆ ಬೇಕಾದದ್ದು ಆಯಸ್ಸು ಅಷ್ಟೇ ಇತ್ತು ಎಂಬ ಮಾತೇ.